ಸೂರಿನ ನೀರು ಎಲ್ಲಿ ಬೀಳುತ್ತದೆ?



ಮಾಸೂರು ಅಂದರೆ ದೂರದವರಿಗೆ ಸರ್ವಜ್ಞ ನೆನಪಾಗುತ್ತಾನೆ, ಸುತ್ತಲಿನವರಿಗೆ ಮದಗದ ಕೆರೆ. ನಾನಿವತ್ತು ಮಾತಾಡಬೇಕೆಂದಿರುವುದು ಇವೆರಡಕ್ಕಿಂತ ಬಹಳ ಸಣ್ಣ ಸಂಗತಿಯ ಬಗ್ಗೆ. ಮನೆಯ ಸೂರಿಗೆ ಕಟ್ಟಿರುತ್ತೇವಲ್ಲ, ಆ ದೋಣಿ. ತಗಡಿನದಿರಲಿ, ಪಿವಿಸಿಯದಿರಲಿ, ಹಳೆಯ ಮನೆಗಳಲ್ಲಿದ್ದಂತೆ ಅಡಿಕೆ ಮರ ಸೀಳಿ ಮಾಡಿದ್ದಿರಲಿ, ಹೆಂಚಿನಿಂದ ಇಳಿದ ನೀರನ್ನು ಹಿಡಿದು ಒಂದು ಮೂಲೆಗೆ ಒಯ್ದು ಬಿಡುವುದು ಅದರ ಕೆಲಸ. ಬೇಸಿಗೆಯಿಡೀ ಅದರ ಕಡೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ರೋಹಿಣಿ ಮಳೆ ಮೊದಲ ಸಲ ಜೋರಾಗಿ ಹೊಡೆದು ಪಡಸಾಲೆಯ ಗೋಡೆ ಒದ್ದೆಯಾದ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಮೇಲೆ ನೋಡುತ್ತಾರೆ. ಆ ಹೊತ್ತಿಗೆ ಏಣಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈಗ ಇದಕ್ಕೂ ಮೊಬೈಲಿನಲ್ಲಿ ಸಲಹೆ ಸಿಗುತ್ತದೆ. ವರ್ಷಕ್ಕೆ ಎರಡು ಸಲ ದೋಣಿ ಬಳಿಯಿರಿ, ಏಪ್ರಿಲಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಎನ್ನುತ್ತಾರೆ. ಹೇಳುವವರ ಊರಿಗೆ ಅದು ಸರಿಯಾದ ಮಾತು. ಇಂಗ್ಲೆಂಡು, ಅಮೆರಿಕದ ಕಡೆ ಓಕ್, ಮೇಪಲ್ ಮರಗಳು ಅಕ್ಟೋಬರ್-ನವೆಂಬರಿನಲ್ಲಿ ಎಲೆ ಉದುರಿಸುತ್ತವೆ. ಅದರ ಬೆನ್ನಿಗೇ ಹಿಮ. ಎಲೆ ತುಂಬಿದ ದೋಣಿಯಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ದೋಣಿಯೇ ಕಿತ್ತು ಬರುತ್ತದೆ. ನಮ್ಮ ಪಂಚಾಂಗವೇ ಬೇರೆ. ನಮ್ಮ ಮರಗಳು ಎಲೆ ಉದುರಿಸುವುದು ಮಾಘ, ಫಾಲ್ಗುಣದಲ್ಲಿ. ಸಾಗವಾನಿ, ಬೇವು, ಹುಲಗಲಿ, ಅರಳಿ, ಎಲ್ಲಕ್ಕೂ ಫೆಬ್ರವರಿ-ಮಾರ್ಚ್ ಆಸುಪಾಸೇ ಸುಗ್ಗಿ. ಆ ಎಲೆ ದೋಣಿಯಲ್ಲಿ ಒಣಗಿಕೊಂಡು ಬಿದ್ದಿರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ. ಅದರ ಮೇಲೆ ಬೇಸಿಗೆಯ ಗಾಳಿ ಹೊಲದ ಧೂಳನ್ನು ತಂದು ಹಾಕುತ್ತದೆ. ಆಮೇಲೆ ಒಂದು ಅಡ್ಡಮಳೆ. ಎಲ್ಲ ಕಲಸಿ ಮುದ್ದೆಯಾಗಿ, ಮತ್ತೆರಡು ವಾರದ ಬಿಸಿಲಿಗೆ ಗಟ್ಟಿಯಾಗುತ್ತದೆ.

ನಮ್ಮ ಸೀಮೆಯ ಮಳೆಯನ್ನೂ ಸ್ವಲ್ಪ ನೋಡಬೇಕು. ಹಿರೇಕೆರೂರಿನಿಂದ ಬೇರೆಯಾಗಿ ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿರುವ ಮಾಸೂರು ಇರುವುದು ಮಲೆನಾಡಿನ ಸೆರಗಿನಲ್ಲಿ. ದಕ್ಷಿಣಕ್ಕೆ ಶಿಕಾರಿಪುರದ ಗಡಿ. ಇಲ್ಲಿ ಹರಿಯುವ ಕುಮುದ್ವತಿ ನದಿ ಹುಟ್ಟಿ ಬರುವುದೇ ಹುಂಚದ ಕಡೆಯ ಬೆಟ್ಟದಿಂದ. ಆ ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಚೀಚೆ ಮಳೆ. ನಮ್ಮ ಹಾವೇರಿ ಜಿಲ್ಲೆಗೆ ಸರಾಸರಿ 800ರ ಆಸುಪಾಸು. ಅದರಲ್ಲೂ ಪಡುವಣದ ಹಾನಗಲ್ಲಿನಲ್ಲಿ ಹೆಚ್ಚು, ಮೂಡಣಕ್ಕೆ ರಾಣೆಬೆನ್ನೂರಿನ ಕಡೆ ಹೋದಂತೆ ಕಡಿಮೆ. ಇಷ್ಟೇ ಮಳೆಗೆ ದೋಣಿಯ ಚಿಂತೆ ಯಾಕೆ ಎಂದು ಮಲೆನಾಡಿನವರು ನಗಬಹುದು. ಆದರೆ ವರ್ಷಕ್ಕೆ ಎಷ್ಟು ಮಳೆ ಎಂಬುದಕ್ಕಿಂತ ಒಂದು ತಾಸಿಗೆ ಎಷ್ಟು ಎಂಬುದನ್ನು ದೋಣಿ ಕೇಳುತ್ತದೆ.

ನಮಗೆ ಬರುವುದು ಎರಡು ಜಾತಿಯ ಮಳೆ. ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕ, ಪಡುವಣದಿಂದ ಬರುವ ಜಿಟಿಜಿಟಿ ಮಳೆ. ಬಿಸಿಲು ಕಾಣದೆ ದಿನಗಟ್ಟಲೆ ಹಿಡಿಯುತ್ತದೆ, ಆದರೆ ಮೈಮೇಲೆ ಬೀಳುವುದಿಲ್ಲ. ಅದು ದೋಣಿಯ ಬೆಸುಗೆಯನ್ನು ಪರೀಕ್ಷೆ ಮಾಡುತ್ತದೆ. ಹನಿಹನಿಯಾಗಿ ಸೋರಿದರೂ ಹತ್ತು ದಿನದಲ್ಲಿ ಗೋಡೆ ಕುಡಿದು ಕೂತಿರುತ್ತದೆ. ಇನ್ನೊಂದು ಗುಡುಗಿನ ಮಳೆ: ಅಶ್ವಿನಿ, ಭರಣಿಯಲ್ಲಿ ಬರುವುದು, ಮತ್ತೆ ಹಸ್ತ, ಚಿತ್ತಿ, ಸ್ವಾತಿಯಲ್ಲಿ ಬರುವುದು. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆ ಗಾಳಿ, ಆಣೆಕಲ್ಲು, ಮುಕ್ಕಾಲು ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಇಂಥ ಒಂದು ಸಂಜೆ 50 ಮಿಲಿಮೀಟರ್ ಸುರಿಯಿತು ಅನ್ನಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮನೆಗೆ 5,000 ಲೀಟರ್. ಕೊಡದಲ್ಲಿ ಅಳೆದರೆ ಮುನ್ನೂರೈವತ್ತು ಕೊಡ. ಎರಡು ಇಳಿಜಾರಿನ ಮನೆಯಾದರೆ ಒಂದೊಂದು ಬದಿಯ ದೋಣಿಗೆ ನೂರಾ ಎಪ್ಪತ್ತೈದು. ಇದು ಮುಕ್ಕಾಲು ತಾಸಿನಲ್ಲಿ ಒಂದು ಸಣ್ಣ ತೂತಿನಿಂದ ಇಳಿದು ಹೋಗಬೇಕು. ಆ ತೂತಿನ ಬಾಯಿಗೆ ಒಂದು ಸಾಗವಾನಿ ಎಲೆ ಕೂತರೆ ಸಾಕು. ಊಟದ ಎಲೆಯಷ್ಟು ಅಗಲದ ಎಲೆ ಅದು, ನೀರಿನ ಭಾರಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಮರದ ಮಾತು ಬಂತು. ಎಲ್ಲ ಮರದ ಕಸ ಒಂದೇ ಅಲ್ಲ. ಸಾಗವಾನಿ ಎಲೆ ದೊಡ್ಡದು, ಕಣ್ಣಿಗೆ ಕಾಣುತ್ತದೆ, ಕೈ ಹಾಕಿ ತೆಗೆಯಬಹುದು. ನೀಲಗಿರಿ ಎಲೆ ಎಣ್ಣೆಯ ಎಲೆ, ಬೇಗ ಕೊಳೆಯುವುದಿಲ್ಲ. ಬಿದ್ದದ್ದು ಬಿದ್ದ ಹಾಗೇ ಇರುತ್ತದೆ. ಹಾನಗಲ್ ಕಡೆ ಮನೆಯ ಪಕ್ಕಕ್ಕೇ ಮಾವಿನ ತೋಪಿದ್ದವರಿಗೆ ಬೇರೆ ತಾಪತ್ರಯ. ಹೂ ಬಿಟ್ಟಾಗ ಜಿಗಿಹುಳು ಬಿದ್ದರೆ ಮರದಿಂದ ಸಿಹಿ ಅಂಟು ಸುರಿಯುತ್ತದೆ. ಹೆಂಚು, ದೋಣಿ ಎಲ್ಲ ಜಿಗಟಾಗಿ, ಅದರ ಮೇಲೆ ಕಪ್ಪು ಬೂಜು ಬೆಳೆದು, ಬಂದ ಧೂಳೆಲ್ಲ ಅಲ್ಲೇ ಹಿಡಿದು ನಿಲ್ಲುತ್ತದೆ. ಬೇವು ಮೂರು ಸಲ ಕಾಡುತ್ತದೆ. ಮಾರ್ಚಿನಲ್ಲಿ ಎಲೆ, ಏಪ್ರಿಲಿನಲ್ಲಿ ಹೂವಿನ ಪುಡಿ, ಅದನ್ನು ಬಳಿದಾಯಿತು ಎಂದು ಕೂತರೆ ಜೂನ್-ಜುಲೈಯಲ್ಲಿ ಬೇವಿನಹಣ್ಣು. ಹಕ್ಕಿ ತಿಂದು ಬಿಟ್ಟ ಬೀಜ ಉರುಳಿ ಬಂದು ಕೊಳವೆಯ ತಿರುವಿನಲ್ಲಿ ಕೂರುತ್ತದೆ, ಸರಿಯಾಗಿ ಜಿಟಿಜಿಟಿ ಮಳೆಯ ಹೊತ್ತಿಗೇ.

ಇವೆಲ್ಲಕ್ಕಿಂತ ಕೆಟ್ಟದ್ದು ಹುಣಸೆ ಎಂದು ನನ್ನ ಅಭಿಪ್ರಾಯ. ಮರದ ಕೆಳಗೆ ಕೂತವರಿಗೆ ಅದರ ನೆರಳು ಸುಖ. ಆದರೆ ಅದರ ಎಲೆ ಎಂದರೆ ಅಕ್ಕಿ ಕಾಳಿನಷ್ಟಗಲದ ಚೂರು. ಅಂಗಡಿಯಲ್ಲಿ ಸಿಗುವ ಜಾಳಿಗೆಯನ್ನು ದೋಣಿಯ ಮೇಲೆ ಹೊದಿಸಿದರೆ ದೊಡ್ಡ ಎಲೆ ತಡೆಯುತ್ತದೆ, ಹುಣಸೆ ಎಲೆ ಅದರೊಳಗಿಂದ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ ಜಾಳಿಗೆ ಇರುವುದರಿಂದಲೇ ಬಳಿಯುವುದು ಕಷ್ಟ. ಹುಣಸೆಯ ಕೆಳಗಿನ ಮನೆಗೆ ಜಾಳಿಗೆ ಹಾಕಿಸಿಕೊಂಡವರು ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ.

ಬಳಿಯದೆ ಬಿಟ್ಟ ದೋಣಿಯಿಂದ ಕರಣೆಯಲ್ಲಿ ಒಂದು ಹೆಂಟೆ ಎಬ್ಬಿಸಿ ನೋಡಿ. ಮೇಲೆ ಒಣಗಿದ ಎಲೆ, ಇನ್ನೂ ಎಲೆಯಾಗಿಯೇ ಇರುತ್ತದೆ. ಅದರ ಕೆಳಗೆ ಬೆರಳು ದಪ್ಪ ಕಪ್ಪು ರಾಡಿ, ಹುಣಸೆ, ಬೇವು ಕೊಳೆತು ಆದದ್ದು. ಮುಟ್ಟಿದರೆ ಮೃದು, ಮೂಗಿಗೆ ಕೆಟ್ಟ ವಾಸನೆ. ಎಲ್ಲಕ್ಕಿಂತ ಕೆಳಗೆ ಎರೆಮಣ್ಣಿನ ಧೂಳು ಕೂತು ಒಣಗಿ ಬಿಲ್ಲೆಬಿಲ್ಲೆಯಾಗಿರುತ್ತದೆ. ಅದನ್ನು ಎಬ್ಬಿಸುವಾಗ ಹಳೆ ತಗಡಾದರೆ ತುಕ್ಕಿನ ಪದರವೂ ಜೊತೆಗೆ ಬರುತ್ತದೆ. ಮಳೆಗಾಲವಿಡೀ ಒದ್ದೆಯಾಗಿ ಮೈಗೆ ಹತ್ತಿ ಕೂತ ಈ ಮಣ್ಣೇ ತಗಡನ್ನು ತಿನ್ನುವುದು, ಹರಿದು ಹೋಗುವ ನೀರಲ್ಲ. ದೀಪಾವಳಿಯ ಹೊತ್ತಿಗೆ ನೋಡಿದರೆ ಆ ಮಣ್ಣಿನಲ್ಲಿ ಗೋವಿನಜೋಳ ಮೊಳೆತಿರುತ್ತದೆ. ಇದು ನಮ್ಮ ಜಿಲ್ಲೆಯ ಹೊಸ ಕಸ. ಹಾವೇರಿ ಜಿಲ್ಲೆ ಗೋವಿನಜೋಳಕ್ಕೆ ಹೆಸರಾದ ಮೇಲೆ ಊರ ಮುಂದೆ, ಕೆಲವು ಕಡೆ ಮನೆಯ ಮುಂದೆಯೇ, ಒಕ್ಕುವ ಮಷಿನ್ ನಿಲ್ಲುತ್ತದೆ. ಕಾಳು ಚೀಲಕ್ಕೆ, ರವದಿ ಗಾಳಿಗೆ. ಹಗುರಾದ ಹೊಟ್ಟೆಲ್ಲ, ಜೊತೆಗೆ ಸಿಡಿದ ಒಂದಿಷ್ಟು ಕಾಳೂ, ಹಾರಿ ಸೂರಿಗೆ ಬಂದು ಬೀಳುತ್ತದೆ. ಚಿತ್ತಿ, ಸ್ವಾತಿ ಮಳೆ ಇನ್ನೂ ಬಾಕಿ ಇರುವಾಗಲೇ ಇದಾಗುವುದರಿಂದ, ಒಕ್ಕಣೆ ಆದ ಮರುದಿನ ದೋಣಿಯೊಳಗೆ ಒಂದು ಸಲ ಕೈಯಾಡಿಸುವುದು ಒಳ್ಳೆಯದು. ಯಾವ ಪರದೇಶದ ಪಟ್ಟಿಯಲ್ಲೂ ಈ ತಾರೀಕು ಸಿಗುವುದಿಲ್ಲ.

ಇನ್ನೊಂದು ಗಿಡ ಇದೆ, ಅದನ್ನು ಯಾರೂ ಕೀಳುವುದಿಲ್ಲ. ಅರಳಿ. ಹಕ್ಕಿ ಹಣ್ಣು ತಿಂದು ಸೂರಿನ ಮೇಲೆ ಕೂರುತ್ತದೆ, ಹಿಕ್ಕೆಯಲ್ಲಿ ಬೀಜ. ದೋಣಿಯ ತೇವ, ಒಂದಿಷ್ಟು ಗೊಬ್ಬರ, ಇನ್ನೇನು ಬೇಕು? ಕೀಳಲು ಹೋದರೆ ಓಣಿಯ ಮುದುಕಿ ಕಟ್ಟೆಯ ಮೇಲಿಂದಲೇ ತಡೆಯುತ್ತಾಳೆ: “ಯಪ್ಪಾ, ಅದು ಅರಳಿ ಗಿಡ ಐತಿ, ಕೀಳಬ್ಯಾಡೋ. ನಿನ್ನ ಮನ್ಯಾಗ ಸಣ್ಣ ಹುಡುಗರ ಅದಾವು.” ಆ ನಂಬಿಕೆಯ ಬಗ್ಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಮೇಲೆ ಎರಡೇ ಎಲೆ ಇದ್ದಾಗ ಅದರ ಬೇರು ಒಂದು ಗೇಣು ಒಳಗಿರುತ್ತದೆ. ಗಾರೆಯ ಸಂದಿನಲ್ಲಿ ದುಂಡಗಿರದೆ ರಿಬ್ಬನ್ನಿನಂತೆ ಚಪ್ಪಟೆಯಾಗಿ ಹರಡಿರುತ್ತದೆ. ಒಂದು ಮಳೆಗಾಲ ಬಿಟ್ಟರೆ ಕೈಯಿಂದ ಕೀಳಲು ಬರುವುದಿಲ್ಲ, ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎರಡು ಎಲೆಯಿದ್ದಾಗಲೇ ಬೇರುಸಮೇತ ಬಿಡಿಸಿ ಒಯ್ದು ಗುಡಿಯ ಬಯಲಿನಲ್ಲೋ ಹಳ್ಳದ ದಂಡೆಯಲ್ಲೋ ನೆಟ್ಟರೆ ಅಜ್ಜಿಗೂ ಸಮಾಧಾನ, ಗೋಡೆಗೂ ಸಮಾಧಾನ. ಹೀಗೆ ಸೂರಿನಿಂದ ಇಳಿದು ನೆಲದಲ್ಲಿ ಮರವಾದ ಅರಳಿ ನಮ್ಮ ಸೀಮೆಯಲ್ಲಿ ಹಲವಿವೆ.

ಇಷ್ಟು ಹೊತ್ತು ಹೇಳಿದ್ದು ಮೇಲಿನ ಮಾತು. ದೋಣಿಯ ನಿಜವಾದ ಲೆಕ್ಕ ಇರುವುದು ಕೆಳಗೆ. ಕೆರೆ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು. ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡ ಏರಿ ಹಾಕಿದ ವಿಜಯನಗರದ ಕಾಲದ ಮದಗದ ಕೆರೆಯನ್ನೇ ನೋಡಿ. ಕೆರೆಯೆಂದರೆ ನೀರು ನಿಲ್ಲಿಸುವುದಷ್ಟೇ ಅಲ್ಲ; ಹೆಚ್ಚಾದ ನೀರು ಏರಿಯ ಬುಡ ಮುಟ್ಟದಂತೆ ಕೋಡಿಯಲ್ಲಿ ದೂರ ಹೋಗಿ ಗಟ್ಟಿ ನೆಲದ ಮೇಲೆ ಬೀಳಬೇಕು. ಮನೆಗೆ ದೋಣಿಯೇ ಕೋಡಿ. ನಾವಾದರೋ ಚಂದದ ದೋಣಿ ಹಾಕಿಸಿ, ಕೊಳವೆಯನ್ನು ಗೋಡೆಗುಂಟ ಇಳಿಸಿ, ನೆಲಕ್ಕೆ ಒಂದಡಿ ಇರುವಾಗ ಬಿಟ್ಟುಬಿಡುತ್ತೇವೆ. ಒಂದು ಬದಿಯ ಇಡೀ ಮಾಡಿನ ನೀರು, ಆ ನೂರಾ ಎಪ್ಪತ್ತೈದು ಕೊಡ, ಗೋಡೆಯ ಬುಡದ ಒಂದೇ ಜಾಗಕ್ಕೆ. ದೋಣಿಯೇ ಇಲ್ಲದಿದ್ದರೆ ಅಷ್ಟು ನೀರು ಸೂರಿನುದ್ದಕ್ಕೂ ಹಂಚಿಕೊಂಡು ಬೀಳುತ್ತಿತ್ತು. ಅರ್ಧಂಬರ್ಧ ದೋಣಿಗಿಂತ ದೋಣಿ ಇಲ್ಲದಿರುವುದೇ ವಾಸಿ ಎಂದು ನಾನು ಹೇಳಿದರೆ ದೋಣಿ ಮಾರುವವರಿಗೆ ಬೇಸರವಾಗಬಹುದು.

ಮಸಾರಿ ನೆಲದವರು ಇದರಿಂದ ಹೇಗೋ ಪಾರಾಗುತ್ತಾರೆ. ಕೆಂಪು ಮಣ್ಣು ನೀರು ಕುಡಿದು ಕೆಳಕ್ಕೆ ಬಿಡುತ್ತದೆ. ಬುಡದಲ್ಲಿ ಗುಣಿ ಬೀಳಬಹುದು, ಅಷ್ಟೇ. ಎರೆ ನೆಲ ಹಾಗಲ್ಲ. ಅದರ ಜೇಡಿ ನೀರು ಹಿಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕೋಲು ಇಳಿಸಿ ನೋಡಿದವರಿಗೆ ಅದರ ಆಳ ಗೊತ್ತು. ಮನೆಯ ಮೂರು ಮೂಲೆ ಒಣಗಿದ್ದು ಒಂದು ಮೂಲೆಗೆ ಮಾತ್ರ ಕೊಳವೆಯ ನೀರು ಬಿದ್ದರೆ ಆ ಮೂಲೆಯಷ್ಟೇ ಉಬ್ಬುತ್ತದೆ. ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ. ಮಳೆಗಾಲದಲ್ಲಿ ಕೂಡಿಕೊಂಡು ಬೇಸಿಗೆಯಲ್ಲಿ ಬಿಡುವ ಬಿರುಕು ಇದ್ದರೆ ಗೌಂಡಿಯನ್ನು ಕರೆಸಿ ಸಿಮೆಂಟು ತುಂಬಿಸುವ ಮೊದಲು ಕೊಳವೆಯ ಬಾಯಿ ಎಲ್ಲಿದೆ ಎಂದು ನೋಡಿ. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಕೆಳಗೆ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳ ಅಡಿಪಾಯ ರೂಪಿಸಿದರು. ಮಣ್ಣಿನ ಉಬ್ಬರ-ಇಳಿತ ಮುಟ್ಟದ ಹತ್ತು-ಹನ್ನೆರಡು ಅಡಿ ಆಳಕ್ಕೆ ಅವು ಇಳಿಯುತ್ತವೆ. ನಮ್ಮ ಹಿರಿಯರ ಉಪಾಯ ಇನ್ನೂ ಸರಳ: ಅಡಿಪಾಯದ ಎರೆ ತೆಗೆದು ಗರಸು ತುಂಬುವುದು, ಮನೆಯ ಸುತ್ತ ಎರಡು-ಮೂರಡಿ ಅಗಲಕ್ಕೆ ಹೊರಗಡೆ ಇಳಿಜಾರಾಗುವಂತೆ ಹಾಸುಗಲ್ಲು ಹಾಕುವುದು. ಅಂಗಳ ಅಗಲ ಮಾಡಲು ಆ ಕಲ್ಲನ್ನು ಕಿತ್ತು ಮಣ್ಣು ಬಿಟ್ಟ ಮನೆಗಳನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತದೆ.

ಮರವೂ ಇದೇ ಮಣ್ಣಿನ ಮೇಲೆ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತದೆ. ಗೋಡೆಯ ಪಕ್ಕದ ನೀಲಗಿರಿಯೋ ಆಲವೋ ಅಡಿಪಾಯದ ಕೆಳಗಿನ ತೇವವನ್ನು ಹೀರಿ ಅಲ್ಲಿ ಜೇಡಿ ಕುಗ್ಗುವಂತೆ ಮಾಡುತ್ತದೆ. ಇದು ನಮ್ಮೊಬ್ಬರ ಪಾಡಲ್ಲ. 1976ರ ಬರದಲ್ಲಿ ಇಂಗ್ಲೆಂಡಿನ ಜೇಡಿ ನೆಲದ ಮೇಲಿನ ಎಷ್ಟೋ ಮನೆಗಳು ಹೀಗೇ ಬಿರಿದು, ವಿಮಾ ಕಂಪನಿಗಳ ಬಾಗಿಲಲ್ಲಿ ಜನ ನಿಂತರು. ಮರ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹೊಸದಾಗಿ ನೆಡುವವರು ಮರ ಬೆಳೆದಾಗ ಎಷ್ಟೆತ್ತರ ಆಗುತ್ತದೋ ಅಷ್ಟು ದೂರ ಬಿಟ್ಟು ನೆಟ್ಟರೆ ಸಾಕು.

ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಶಿಗ್ಗಾಂವಿ, ಸವಣೂರಿನ ಕಡೆ ಅವು ಈಗಲೂ ಇವೆ. ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲಕ್ಕೂ ಮೇಲೆ ಕರಲುಮಣ್ಣು. ಉಪ್ಪಿನಂಶದ ಆ ಮಣ್ಣಿನಲ್ಲಿ ಹುಲ್ಲು ಸುಲಭಕ್ಕೆ ಹುಟ್ಟುವುದಿಲ್ಲ. ಮಳೆ ಬಿದ್ದರೆ ಕಣಗಳು ಕದಡಿ ಸಂದು ಮುಚ್ಚಿಕೊಳ್ಳುತ್ತವೆ. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಚಿನ್ನ. ಮಾಳಿಗೆಯ ನೀರು ಹೊರಬೀಳಲು ಕಲ್ಲಿನದೋ ಕಟ್ಟಿಗೆಯದೋ ಒಂದು ದೋಣಿ, ಗೋಡೆಯಿಂದ ಎರಡಡಿ ಮುಂದಕ್ಕೆ ಚಾಚಿರುತ್ತಿತ್ತು. ನೀರು ಹಾರಿ ದೂರ ಬೀಳಲಿ ಎಂದೇ ಆ ಚಾಚು. ಈಗ ರಿಪೇರಿಯ ಹೆಸರಿನಲ್ಲಿ ಅದನ್ನು ತೆಗೆದು ಪಿವಿಸಿ ಪೈಪನ್ನು ಗೋಡೆಗೆ ಒತ್ತಿ ಇಳಿಸುತ್ತಾರೆ. ಪೈಪಿನ ಜೋಡಣೆ ಒಂದು ಕಡೆ ಬಿಟ್ಟರೆ ಸಾಕು, ಮಣ್ಣಿನ ಗೋಡೆ ಒಳಗಿಂದಲೇ ನೆನೆಯುತ್ತದೆ. ಹೊರಗೆ ಸಿಮೆಂಟಿನ ಗಿಲಾವು ಮಾಡಿದ್ದರಂತೂ ನೆನೆದದ್ದು ಕಾಣುವುದೂ ಇಲ್ಲ, ಆರುವುದೂ ಇಲ್ಲ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಬಿದ್ದ ಮನೆಗಳಲ್ಲಿ ಮಣ್ಣಿನ ಗೋಡೆಯವು ಎಷ್ಟೋ. 2024ರ ಜುಲೈಯಲ್ಲಿ ಸವಣೂರು ತಾಲೂಕಿನಲ್ಲಿ ಮನೆ ಕುಸಿದು ಒಂದೇ ಕುಟುಂಬದ ಮೂವರು ತೀರಿಕೊಂಡರು, ಅವರಲ್ಲಿ ಇಬ್ಬರು ಎಳೆಯ ಕೂಸುಗಳು. ಯಾವ ಮನೆ ಯಾವ ಕಾರಣಕ್ಕೆ ಬಿತ್ತೆಂದು ಇಲ್ಲಿ ಕೂತು ತೀರ್ಪು ಕೊಡುವುದು ಸಲ್ಲ. ಆದರೆ ದಿನಗಟ್ಟಲೆ ಮಳೆ ಹಿಡಿದಾಗ ಮಣ್ಣಿನ ಗೋಡೆಯ ಬುಡ ಉಬ್ಬಿದ್ದರೆ, ಗೋಡೆಯಿಂದ ಮಣ್ಣು ಸಣ್ಣಗೆ ಉದುರುತ್ತಿದ್ದರೆ, ಆ ರಾತ್ರಿ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ದೋಣಿ ಆಮೇಲೆ ನೋಡಿದರಾಯಿತು.

ಇನ್ನು ಸಾಮಾನಿನ ಮಾತು ಸ್ವಲ್ಪ. ತಗಡು ತುಕ್ಕು ಹಿಡಿಯುತ್ತದೆ, ಪಿವಿಸಿ ಹಿಡಿಯುವುದಿಲ್ಲ, ನಿಜ. ಆದರೆ ಪಿವಿಸಿ ಬಿಸಿಲಿಗೆ ಬೆಳೆಯುತ್ತದೆ. ಇಪ್ಪತ್ತಡಿಯ ದೋಣಿ ಮೂವತ್ತು ಡಿಗ್ರಿ ಹೆಚ್ಚು ಕಾದರೆ ಹತ್ತಿರಹತ್ತಿರ ಅರ್ಧ ಅಂಗುಲ ಉದ್ದವಾಗುತ್ತದೆ. ಬೆಳಗಿನ ಚಳಿಗೆ ಬಿಗಿದ ಜೋಡಣೆ ಏಪ್ರಿಲ್ ಬಿಸಿಲಿಗೆ ಬಾಗಿ ಬಿಡುವುದು ಇದರಿಂದ. ಕೂಡಿಸುವಾಗ ಬೆಳೆಯಲು ಜಾಗ ಬಿಟ್ಟಿದ್ದಾರೋ ಕೇಳಿ. ಹತ್ತಡಿಗೆ ಅರ್ಧ ಅಂಗುಲದಿಂದ ಒಂದು ಅಂಗುಲ ಇಳಿಜಾರು ಬೇಕು. ಇಲ್ಲವಾದರೆ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ್ದು ನೆನಪಿರಬಹುದು. ಎಲ್ಲ ಸರಿಯಾಗಿ ಮಾಡಿದ ಮೇಲೂ ಮಂಗಗಳು ಬಂದು ಜೋತುಬಿದ್ದು ಇಳಿಜಾರನ್ನು ತಮಗೆ ಬೇಕಾದಂತೆ ತಿದ್ದುತ್ತವೆ. ಅದಕ್ಕೆ ಎರಡಡಿಗೊಂದು ಕೊಂಡಿ ಹಾಕಿಸುವುದರ ಹೊರತು ನನ್ನಲ್ಲಿ ಮದ್ದಿಲ್ಲ. ಏಣಿ ಹತ್ತುವವರು ಕರೆಂಟಿನ ವೈರು ಎಲ್ಲಿ ಹಾದಿದೆ ನೋಡಿಕೊಳ್ಳಿ, ಸಿಮೆಂಟ್ ಸೀಟಿನ ಮೇಲೆ ಕಾಲಿಡಬೇಡಿ. ಹಳೆಯ ಸೀಟು ಮುರಿಯುವ ಮುಂಚೆ ಸದ್ದು ಮಾಡುವುದಿಲ್ಲ.

ನೀರನ್ನು ಗೋಡೆಯಿಂದ ದೂರ ಒಯ್ಯಿರಿ ಅಂದೆ. ದೂರ ಅಂದರೆ ಪಕ್ಕದ ಮನೆಯ ಗೋಡೆಗಲ್ಲ. “ನಿಮ್ಮ ಸೂರಿನ ನೀರು ನಮ್ಮ ಗ್ವಾಡಿಗೆ ಬೀಳಾಕ ಹತ್ತೇತ್ರಿ ಕಾಕಾ” ಎಂದು ಶುರುವಾದ ಮಾತು ಮೊಮ್ಮಕ್ಕಳ ಕಾಲದವರೆಗೆ ನಡೆದದ್ದುಂಟು. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂಬಂತೆ ನಡೆದುಬಂದದ್ದು ಹಕ್ಕೇ ಆಗಬಹುದು. ಹಾಗಾಗಿ ಜಮೀನು ಅಳೆಯುವಷ್ಟೇ ಗಂಭೀರವಾಗಿ ಜನ ಸೂರಿನ ನೀರನ್ನೂ ಅಳೆಯುತ್ತಾರೆ. ಇಂಗುಗುಂಡಿ ತೋಡುವವರಿಗೂ ಒಂದು ಮಾತು: ಮಸಾರಿ ನೆಲದಲ್ಲಿ ಮನೆಯಿಂದ ಹತ್ತಡಿ ಆಚೆ ತೋಡಿದರೆ ನೀರು ಇಂಗುತ್ತದೆ. ಎರೆಯಲ್ಲಿ ಗೋಡೆಯ ಪಕ್ಕ ತೋಡಿದರೆ ಅದು ಅಡಿಪಾಯಕ್ಕೆ ನೀರುಣಿಸುವ ತೊಟ್ಟಿಯಾಗುತ್ತದೆ. ಎರೆಯವರು ನೀರನ್ನು ಟಾಕಿಗೆ ಹಿಡಿದು ಬಳಸುವುದೇ ಮೇಲು.

ರೋಹಿಣಿ ಮಳೆ ಹೂಡುವುದು ಮೇ 25ರ ಸುಮಾರಿಗೆ. ಅದಕ್ಕೆ ಮೊದಲು ಒಂದು ಸಂಜೆ ಒಬ್ಬರು ಏಣಿ ಹತ್ತಿ, ಬಳಿದಾದ ಮೇಲೆ, ದೋಣಿಯ ಎತ್ತರದ ತುದಿಯಲ್ಲಿ ನಾಲ್ಕು ಕೊಡ ನೀರು ಸುರಿಯಿರಿ. ಇನ್ನೊಬ್ಬರು ಕೆಳಗೆ ನಿಂತು ಅದು ಎಲ್ಲಿ ಸೋರಿತು, ಎಲ್ಲಿ ನಿಂತಿತು, ಕಡೆಗೆ ನೆಲದ ಮೇಲೆ ಯಾವ ಕಡೆ ಹರಿಯಿತು ನೋಡಲಿ. ಗೋಡೆಯ ಕಡೆಗೇ ತಿರುಗಿದರೆ ಕೊಳವೆಯ ಬಾಯಿಗೆ ಒಂದು ಮೊಣಕೈ ಹಾಕಿಸಿ, ಕೆಳಗೆ ಹಾಸುಗಲ್ಲಿಟ್ಟು, ಗಟಾರದವರೆಗೆ ದಾರಿ ಮಾಡಿ. ಗಟಾರದಿಂದ ತೆಗೆದ ರಾಡಿಯನ್ನು ಅದರ ದಂಡೆಯ ಮೇಲೆಯೇ ಗುಡ್ಡೆ ಹಾಕಿ ಹೋಗುವ ಪದ್ಧತಿ ನಮ್ಮ ಊರುಗಳಲ್ಲಿದೆ, ಮೊದಲ ಮಳೆಗೇ ಅದು ಮರಳಿ ಒಳಗೆ. ದೋಣಿಯ ಕಸವನ್ನಾದರೂ ಹಾಗೆ ಮಾಡದೆ ಅವತ್ತೇ ತಿಪ್ಪೆಗೆ ಸಾಗಿಸಿ, ಇಲ್ಲವೆ ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಹಾಕಿ. ಕೊಳೆತ ಬೇವು, ಹುಣಸೆ, ಎರೆಮಣ್ಣು ಮೂರೂ ಕೂಡಿದ ಗೊಬ್ಬರ ಅದು.